ಗುಡ್ಡೆಯ ಮೇಲಿನ ಪೆಟ್ಟಿಗೆಗೆ ದಾನಿಗಳಿಲ್ಲ

ನಮ್ಮ ಮನೆಯ ಬದಿಯ ಕೋಣೆಯಲ್ಲಿ ಬಾಡಿಗೆಗೆ ಇರುವವಳು ಒಬ್ಬ ಪೊಲೀಸ್ ಕಾನ್‌ಸ್ಟೇಬಲ್. ವಿಜಯಪುರದ ಕಡೆಯ ಹುಡುಗಿ. ಬಂದ ಹೊಸತರಲ್ಲಿ ಕುಚ್ಚಲಕ್ಕಿ ಅನ್ನ ನೋಡಿ ಮುಖ ಕಿವಿಚುತ್ತಿದ್ದವಳು, ಈಗ ಬಸ್ ಕಂಡಕ್ಟರನ ಹತ್ತಿರ ತುಳುವಿನಲ್ಲೇ ಜಗಳ ಮಾಡುತ್ತಾಳೆ. ನಾನು ನಿವೃತ್ತ ಕನ್ನಡ ಟೀಚರ್. ಅರ್ಜಿ ಚೆನ್ನಾಗಿ ಬರೆಯುತ್ತೇನೆಂಬ ಒಂದೇ ಕಾರಣಕ್ಕೆ ಠಾಣೆಯವರು ನನ್ನನ್ನು ನಾಗರಿಕ ಸಮಿತಿಗೆ ಹಾಕಿಕೊಂಡಿದ್ದಾರೆ. ಬರವಣಿಗೆ ಬರುತ್ತದೆ ಎಂದು ಯಾರಿಗೂ ಗೊತ್ತಾಗಬಾರದು. ಗೊತ್ತಾದರೆ ಜನ್ಮವಿಡೀ ಬೇರೆಯವರ ಅರ್ಜಿಯೇ ಗತಿ.

ವಾಮದಪದವಿನಿಂದ ಒಳದಾರಿಯಲ್ಲಿ ಬೆಳ್ತಂಗಡಿಯ ಕಡೆಗೆ ಹೋದರೆ ಎರಡು ಗುಡ್ಡೆಗಳ ನಡುವೆ ಒಂದು ತಗ್ಗು, ತಗ್ಗಿನಲ್ಲಿ ತೋಡು ಎಂಬ ಸಣ್ಣ ಹಳ್ಳ, ತೋಡಿಗೆ ಒಂದು ತಗ್ಗು ಸೇತುವೆ. ಮಳೆ ಜೋರಾದರೆ ಸೇತುವೆ ಮುಳುಗುತ್ತದೆ. ಊರಿನವರಿಗೆ ಇದು ಗೊತ್ತು. ಆದರೆ ಧರ್ಮಸ್ಥಳಕ್ಕೆ ಹೋಗುವ ಪರವೂರಿನ ವಾಹನಗಳಿಗೆ ಮೊಬೈಲಿನ ಮ್ಯಾಪು ಇದನ್ನೇ ಹತ್ತಿರದ ದಾರಿ ಎಂದು ತೋರಿಸುತ್ತದೆ. ಅವರನ್ನು ತಡೆಯಲು ಮಳೆಗಾಲವಿಡೀ ಅಲ್ಲಿ ಒಬ್ಬ ಪೊಲೀಸ್ ನಿಲ್ಲಬೇಕು. ಹೆಚ್ಚಾಗಿ ನಿಲ್ಲುವವಳು ನಮ್ಮ ಹುಡುಗಿಯೇ. ಅವಳ ಕೈಯಲ್ಲೊಂದು ವಾಕಿಟಾಕಿ ಇದೆ. ತಗ್ಗಿಗೆ ಇಳಿದ ಕೂಡಲೇ ಅದು ಸತ್ತುಹೋಗುತ್ತದೆ. ಮೊಬೈಲಿನದ್ದೂ ಅದೇ ಕಥೆ.

ಒಂದು ಮಳೆಗಾಲದಲ್ಲಿ ಯಾತ್ರಿಕರ ಕಾರೊಂದು ಅವಳು ಊದಿದ ಸೀಟಿಗೆ ಕ್ಯಾರೇ ಅನ್ನದೆ ಸೇತುವೆಗೆ ಇಳಿದು ನಡುನೀರಿನಲ್ಲಿ ನಿಂತುಬಿಟ್ಟಿತು. ಇವಳು ವಾಕಿಟಾಕಿ ಸೆಟ್ಟಿನಲ್ಲಿ ಕೂಗಿದಳು, ಉತ್ತರವಿಲ್ಲ. ಕೊನೆಗೆ ಸಿಗ್ನಲ್ ಹುಡುಕಿಕೊಂಡು ಗುಡ್ಡೆ ಹತ್ತಿ ಓಡಿದಳು. ಅಷ್ಟರಲ್ಲಿ ಆಚೆ ಮನೆಯವರು ಹಗ್ಗ ತಂದು ಕಾರಿನವರನ್ನು ಎಳೆದುಕೊಂಡರು. ಎಲ್ಲರೂ ಬದುಕಿದರು. ಆಮೇಲೆ ಆ ಕಾರಿನವರೇ ದೂರು ಕೊಟ್ಟರು: ನಾವು ಮುಳುಗುತ್ತಿದ್ದಾಗ ಪೊಲೀಸ್ ಓಡಿಹೋದಳು ಎಂದು. ಕರ್ತವ್ಯದ ಸ್ಥಳ ಬಿಟ್ಟದ್ದೇಕೆ ಎಂದು ಅವಳಿಗೆ ಮೆಮೊ ಬಂತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುವುದನ್ನು ಮೂವತ್ತು ವರ್ಷ ಮಕ್ಕಳಿಗೆ ಪಾಠ ಮಾಡಿದ್ದೆ. ಎಮ್ಮೆ ಹೇಗಿರುತ್ತದೆಂದು ಅವತ್ತು ನೋಡಿದೆ. ಅವಳು ಅಳಲಿಲ್ಲ, ಊಟ ಮಾಡಲಿಲ್ಲ ಅಷ್ಟೆ.

ನನಗೆ ಸಿಟ್ಟು ಬಂತು. ಸಿಟ್ಟು ಬಂದರೆ ನಾನು ಅರ್ಜಿ ಬರೆಯುತ್ತೇನೆ.

ಬೇಕಾದದ್ದು ದೊಡ್ಡದೇನಲ್ಲ. ಗುಡ್ಡೆಯ ಮೇಲೊಂದು ಕಂಬ, ಅದರ ಬುಡದಲ್ಲಿ ರಿಪೀಟರ್ ಎಂಬ ಪೆಟ್ಟಿಗೆ. ತಗ್ಗಿನಲ್ಲಿ ಆಡಿದ ಮಾತನ್ನು ಹಿಡಿದು ಗುಡ್ಡೆಯಾಚೆಗೆ ದಾಟಿಸುವುದು ಅದರ ಕೆಲಸ. ಎಸ್‌ಐ ಒಳ್ಳೆಯವರೇ. ಕುರ್ಚಿ ಕೊಟ್ಟು, ಚಾ ತರಿಸಿ, "ನಾವು ಕೇಳಿದ್ರೆ ಮೇಲಿನವರು ಬೈತಾರೆ ಟೀಚರ್. ಸಾರ್ವಜನಿಕರು ಕೇಳಿದ್ರೆ ಬೇಗ ಆಗ್ತದೆ," ಎಂದರು. ಸಾರ್ವಜನಿಕಳಾಗಿ ಮೇಲಿನವರಲ್ಲಿಗೆ ಹೋದೆ. ಅಲ್ಲಿನ ಗುಮಾಸ್ತರು ಅರ್ಜಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ಇದನ್ನು ಠಾಣೆಯವರು ಕೇಳ್ಬೇಕು, ಸಾರ್ವಜನಿಕರು ಕೇಳ್ಲಿಕ್ಕೆ ಬರುವುದಿಲ್ಲ," ಎಂದರು. ಜನಪ್ರತಿನಿಧಿಗಳ ಅನುದಾನ ಕೇಳಲು ಹೋದರೆ ಗಡಿಯ ತಕರಾರು. ಸೇತುವೆಯ ಈ ತುದಿ ಬಂಟ್ವಾಳ ತಾಲೂಕಿನದು, ಆ ತುದಿ ಬೆಳ್ತಂಗಡಿಯದು. ಈಚೆಯವರು ಆಚೆ ಕೇಳಿ ಎಂದರು, ಆಚೆಯವರು ಈಚೆ ಕೇಳಿ ಎಂದರು. ತೋಡಿನ ನೀರಿಗೆ ಮಾತ್ರ ತಾಲೂಕು ಯಾವುದೆಂದು ಗೊತ್ತಿಲ್ಲ, ಎರಡೂ ಕಡೆ ಸಮನಾಗಿ ಏರುತ್ತದೆ.

ಸರಕಾರದ ಆಸೆ ಬಿಟ್ಟು ದಾನಿಗಳನ್ನು ಹುಡುಕಿದೆ. ನಮ್ಮ ಕಡೆ ದಾನಿಗಳಿಗೆ ಬರವಿಲ್ಲ. ಬಸ್ಸು ತಂಗುದಾಣ, ಶಾಲೆಯ ಗೇಟು, ಸ್ಮಶಾನದ ಬೆಂಚು, ಎಲ್ಲದರ ಮೇಲೂ 'ಕೊಡುಗೆ' ಎಂದು ಬರೆದು ಕೆಳಗೊಂದು ಹೆಸರು. ನಾನು ಪಾಠ ಮಾಡುತ್ತಿದ್ದ ತರಗತಿಯ ಫ್ಯಾನಿನ ಮೂರು ರೆಕ್ಕೆಗಳ ಮೇಲೂ ದಾನಿಯ ಹೆಸರಿತ್ತು. ಕರೆಂಟು ಹೋದಾಗ ಮಾತ್ರ ಓದಲು ಸಿಗುತ್ತಿತ್ತು.

ಮೂಡುಬಿದಿರೆಯಲ್ಲಿ ಒಬ್ಬ ಉದ್ಯಮಿ ಸಿಕ್ಕಿದರು. ಧಾರಾಳಿ ಎಂದು ಹೆಸರು. ಮಾತೆಲ್ಲ ಕೇಳಿ ತಲೆದೂಗಿದರು.

"ಕೊಡುವ, ಟೀಚರೇ, ಅದಕ್ಕೇನಂತೆ. ಆದ್ರೆ ಇದು ಇರುವುದು ಎಲ್ಲಿ?"

"ಗುಡ್ಡೆಯ ಮೇಲೆ."

"ಗುಡ್ಡೆಯ ಮೇಲೆ ಯಾರು ನೋಡ್ತಾರೆ ಮಾರಾಯ್ರೆ, ನವಿಲುಗಳಾ?"

ಪಕ್ಕದಲ್ಲಿ ಕುಳಿತಿದ್ದವರೆಲ್ಲ ನಕ್ಕರು. ಕೆಲಸ ಆಗಬೇಕಿತ್ತಲ್ಲ, ನಾನೂ ನಕ್ಕೆ. ಬೋರ್ಡನ್ನು ರಸ್ತೆಯ ಬದಿಯಲ್ಲೇ, ದೊಡ್ಡದಾಗಿಯೇ ಹಾಕಿಸುತ್ತೇನೆಂದು ಒಪ್ಪಿಸಿದೆ. ಅವತ್ತು ಸಂಜೆ ಗುರುವಾಯನಕೆರೆಯಲ್ಲಿ ಬಸ್ಸು ಬದಲಿಸುವಾಗ ಬೇಕರಿಯಿಂದ ಒಂದು ಕಿಲೋ ಜಿಲೇಬಿ ಕಟ್ಟಿಸಿಕೊಂಡೆ. ಹುಡುಗಿ ಒಂದು ತುಂಡು ಬಾಯಿಗಿಟ್ಟು, "ಖರೇನ ಆಕೈತೇನ್ರಿ ಟೀಚರ?" ಎಂದು ಎರಡೆರಡು ಸಲ ಕೇಳಿದಳು. ಆಗುತ್ತದೆ ಎಂದೆ, ದೊಡ್ಡ ಗಂಟಲಿನಲ್ಲಿ.

ದೇವರು ವರ ಕೊಟ್ಟರೂ ಪೂಜಾರಿ ಬಿಡಬೇಕಲ್ಲ! ದಾನಿ ಒಪ್ಪಿದ ಮೇಲೆ ಇಲಾಖೆ ಎಚ್ಚರವಾಯಿತು. ಪೊಲೀಸರ ವೈರ್‌ಲೆಸ್ ಉಪಕರಣವನ್ನು ಖಾಸಗಿಯವರಿಂದ ಹಾಗೆಲ್ಲ ತೆಗೆದುಕೊಳ್ಳುವಂತಿಲ್ಲವಂತೆ. ಅದರ ತರಂಗಕ್ಕೆ ದೆಹಲಿಯ ಪರವಾನಗಿ ಬೇಕಂತೆ, ಪರವಾನಗಿಗೆ ಬೆಂಗಳೂರಿನಿಂದ ಪ್ರಸ್ತಾವ ಹೋಗಬೇಕಂತೆ, ಪ್ರಸ್ತಾವಕ್ಕೆ ತಜ್ಞರ ಸ್ಥಳ ತಪಾಸಣೆ ಬೇಕಂತೆ. ನಿಯಮ ತಪ್ಪೆಂದು ನಾನು ಹೇಳುವುದಿಲ್ಲ. ಕಂಡಕಂಡವರೆಲ್ಲ ಪೊಲೀಸರ ಮಾತಿನ ನಡುವೆ ಪೆಟ್ಟಿಗೆ ಇಡುವಂತಾಗಬಾರದು, ಸರಿ. ಆದರೆ ಮೊದಲನೆಯ ದಿನ ಚಾ ಕುಡಿಸುವಾಗಲೇ ಇದನ್ನು ಹೇಳುವ ಒಬ್ಬ ಪುಣ್ಯಾತ್ಮ ಇರಬಾರದಿತ್ತೇ? ತಪಾಸಣೆಗೆ ಒಬ್ಬರು ಬಂದರು. ಬೇಸಗೆಯಲ್ಲಿ ಬಂದರು. ಒಣಗಿದ ತೋಡನ್ನು ನೋಡಿ, "ಇಲ್ಲಿ ನೀರು ಬರ್ತದಾ?" ಎಂದು ಕೇಳಿ, ಎಳನೀರು ಕುಡಿದು ಹೋದರು.

ಮಾರ್ಚ್ ಮುಗಿಯುವುದರೊಳಗೆ ದುಡ್ಡು ಖರ್ಚಾಗಬೇಕೆಂದು ದಾನಿಗಳಿಗೆ ಅವಸರ. ನಾನು ಫೋನ್ ಮಾಡಿದರೆ ಎತ್ತುವುದನ್ನು ನಿಲ್ಲಿಸಿದರು. ಕೊನೆಗೆ ಅವರೂ ಠಾಣೆಯವರೂ ಮಾತಾಡಿಕೊಂಡು ಒಂದು ದಾರಿ ಕಂಡುಕೊಂಡರು: ಬ್ಯಾರಿಕೇಡ್. ಅದಕ್ಕೆ ದೆಹಲಿ ಬೇಡ, ಬೆಂಗಳೂರು ಬೇಡ, ಮತ್ತು ಹೆಸರು ಬರೆಯಲು ಇಷ್ಟಗಲ ಜಾಗ. ಹಸ್ತಾಂತರಕ್ಕೆ ಶಾಮಿಯಾನ ಹಾಕಿದರು. ಹಳದಿ ಬಣ್ಣದ ಮೇಲೆ ಕೆಂಪು ಅಕ್ಷರದಲ್ಲಿ ದಾನಿಯ ಹೆಸರು ದೊಡ್ಡದು, 'ನಿಧಾನವಾಗಿ ಚಲಿಸಿ' ಎಂಬುದು ಸಣ್ಣದು. ಯೋಜನೆಯ ರೂವಾರಿ ಎಂದು ನನಗೊಂದು ಶಾಲು ಹೊದಿಸಿದರು. ಸೆಖೆಗೆ ಅದು ಕುತ್ತಿಗೆಗೆ ಅಂಟಿಕೊಂಡು ಮೈಯೆಲ್ಲ ಉರಿಯಿತು.

ಈ ಮಳೆಗಾಲದಲ್ಲಿ ಸೇತುವೆಯ ಬಾಯಿಗೆ ಅಂಥ ಎರಡು ಬ್ಯಾರಿಕೇಡ್ ಇಟ್ಟಿದ್ದರು. ಒಂದು ಮಧ್ಯಾಹ್ನ ಮೇಲಿನ ಗುಡ್ಡೆಯಲ್ಲಿ ಮಳೆ ಸುರಿದು ತೋಡು ಒಮ್ಮೆಲೇ ಉಕ್ಕಿತು. ಸ್ಥಳ ಬಿಟ್ಟು ಗುಡ್ಡೆ ಹತ್ತುವಂತಿಲ್ಲವಲ್ಲ, ಇನ್ನೊಬ್ಬರನ್ನು ಕಳಿಸಿ ಎಂದು ಹುಡುಗಿ ಬೆಳಗ್ಗಿನಿಂದಲೇ ಸೆಟ್ಟಿನಲ್ಲಿ ಕೇಳುತ್ತಿದ್ದಳು. ಬ್ಯಾರಿಕೇಡನ್ನು ಮೇಲೆ ಎಳೆಯಲು ಇಬ್ಬರು ಬೇಕು. ಅಷ್ಟರಲ್ಲಿ ಯಾತ್ರಿಕರ ಟೆಂಪೊ ಒಂದು ಇಳಿಜಾರಿನಲ್ಲಿ ಬರುವುದು ಕಂಡಿತು. ಇವಳು ಮೇಲಕ್ಕೆ ಓಡಿ ಗಾಡಿಯ ಮುಂದೆಯೇ ಕೈಯಗಲಿಸಿ ನಿಂತಳು. ಚಾಲಕ ಬೈದ, ಒಳಗಿದ್ದವರೂ ಬೈದರು. ಬೈಸಿಕೊಂಡೇ ಗಾಡಿ ತಿರುಗಿಸಿ ಕಳಿಸಿದಳು. ವಾಪಸು ಬಂದು ನೋಡಿದರೆ ಎರಡೂ ಬ್ಯಾರಿಕೇಡ್ ಇಲ್ಲ.

ಟೆಂಪೊದಲ್ಲಿ ಮಕ್ಕಳೂ ಇದ್ದರು. ಅದು ಯಾರಿಗೂ ಸುದ್ದಿಯಾಗಲಿಲ್ಲ. ಸುದ್ದಿಯಾದದ್ದು ಕೆಳಗಿನ ಕಿಂಡಿ ಅಣೆಕಟ್ಟಿಗೆ ಸಿಕ್ಕಿ ತಲೆಕೆಳಗಾಗಿ ನಿಂತ ದಾನಿಯ ಹೆಸರು. ಯಾರೋ ಫೋಟೋ ತೆಗೆದು ವಾಟ್ಸಾಪಿಗೆ ಹಾಕಿದರು. ತಿಂಗಳುಗಟ್ಟಲೆ ನನ್ನ ಫೋನ್ ಎತ್ತದವರು ಅವತ್ತು ಠಾಣೆಗೆ ತಾವೇ ಫೋನ್ ಮಾಡಿದರಂತೆ. ಇಲಾಖೆಯ ಸ್ವತ್ತನ್ನು ನಿರ್ಲಕ್ಷ್ಯದಿಂದ ಕಳೆದದ್ದಕ್ಕೆ ವಿವರಣೆ ಕೊಡು ಎಂದು ಹುಡುಗಿಗೆ ಮೆಮೊ ಬಂತು. ಸಹಾಯ ಕೇಳಿದ್ದೆ ಎಂದರೆ, ಕಂಟ್ರೋಲ್ ರೂಮಿಗೆ ಅಂಥ ಯಾವ ಕರೆಯೂ ಬಂದಿಲ್ಲವಂತೆ. ಹೇಗೆ ಬರುತ್ತದೆ?

ಮೆಮೊ ಹಿಡಿದುಕೊಂಡು ನನ್ನ ಬಾಗಿಲಿಗೆ ಬಂದಳು. "ತಪ್ಪಾತು ಅಂತ ಬರದುಕೊಡ್ರಿ ಟೀಚರ."

"ನಿನ್ನದೇನು ತಪ್ಪುಂಟು ಮಾರಾಯ್ತಿ? ನಡೆದದ್ದು ನಡೆದ ಹಾಗೆ ಬರೀತೇನೆ. ನೋಡುವ, ಏನು ಮಾಡ್ತಾರೆ."

"ತಪ್ಪಿಲ್ಲ ಅಂತ ಬರದ್ರ ಎನ್‌ಕ್ವೈರಿ ಆಕೈತ್ರಿ. ತಪ್ಪಾತು ಅಂದ್ರ ಇಲ್ಲಿಗೇ ಮುಗೀತೈತಿ. ನನಗ ಈ ನೌಕರಿ ಬೇಕ್ರಿ."

ಬರೆದುಕೊಟ್ಟೆ. ಇನ್ನು ಮುಂದೆ ಹೀಗಾಗದಂತೆ ಎಚ್ಚರ ವಹಿಸುತ್ತೇನೆ ಎಂಬ ಸಾಲನ್ನೂ ಬರೆದೆ. ಇಷ್ಟು ವರ್ಷ ಬರೆದ ಅರ್ಜಿಗಳಲ್ಲಿ ನನಗೆ ನಾಚಿಕೆಯಾದದ್ದು ಅದೊಂದರಿಂದಲೇ, ಮತ್ತು ಒಂದೇ ಏಟಿಗೆ ಕೆಲಸ ಆದದ್ದೂ ಅದೊಂದೇ. ಮರುದಿನವೇ ಕಡತ ಮುಚ್ಚಿದರು.

ಆಮೇಲೊಂದು ಬೆಳಿಗ್ಗೆ ಮಳೆ ಬಿಡದೆ ಹೊಯ್ಯುತ್ತಿತ್ತು. ಹುಡುಗಿ ರೇನ್‌ಕೋಟ್ ಹಾಕಿ ಸೇತುವೆಗೆ ಹೊರಟಿದ್ದಳು. ಚಾರ್ಜಿನಿಂದ ಸೆಟ್ಟನ್ನು ತೆಗೆದು, ಒದ್ದೆಯಾಗದಂತೆ ಪ್ಲಾಸ್ಟಿಕ್ ಸುತ್ತಿ, ಸೊಂಟಕ್ಕೆ ಸಿಕ್ಕಿಸಿಕೊಳ್ಳುವುದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

"ಅಲ್ಲಿ ಅದು ಸತ್ತ ಹೆಣ ಅಲ್ವಾ? ಸುಮ್ಮನೆ ಯಾಕೆ ಹೊತ್ತುಕೊಂಡು ಹೋಗ್ತೀ?"

ಅವಳು ಬೂಟಿನ ದಾರ ಕಟ್ಟುತ್ತಾ ಹೇಳಿದಳು: "ಬಿಟ್ಟು ಹೋದ್ರ ಅದಕ್ಕೊಂದು ಮೆಮೊ ಬರತೈತ್ರಿ."