ಸೆಪಿಯಾದ ಬಣ್ಣ

ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದವರಲ್ಲಿ ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ಅಪ್ಪ ಕಬ್ಬಿನ ಗಾಡಿ ಹೊಡೆಯುತ್ತಿದ್ದರು, ಅವ್ವ ಹೆಬ್ಬೆಟ್ಟು ಒತ್ತುತ್ತಿದ್ದಳು. ನಾನು ಬೆಳಗಿನ ಮೊದಲ ಬಸ್ಸು ಹಿಡಿದು ಮಂಡ್ಯದ ಕಾಲೇಜಿಗೆ ಹೋಗಿ ಬಿ.ಎಸ್ಸಿ. ಮುಗಿಸಿದೆ. ಪ್ರಾಣಿಶಾಸ್ತ್ರವೆಂದರೆ ಪ್ರಾಣ. ಆದರೆ ನಾನು ಓದಿದ ಕಡಲಿನ ಜೀವಿಗಳೆಲ್ಲ ಲ್ಯಾಬಿನ ಬೀರುವಿನಲ್ಲಿ, ಫಾರ್ಮಲಿನ್ ತುಂಬಿದ ಬಾಟ್ಲಿಗಳಲ್ಲಿ ಮುಳುಗಿ ಕೂತಿದ್ದವು.

ಅವುಗಳಲ್ಲಿ ಸೆಪಿಯಾ ಒಂದು. ಮೀನು ಮಾರುಕಟ್ಟೆಯ ಬೊಂಡಾಸಿನ, ಅಂದರೆ ಸ್ಕ್ವಿಡ್ಡಿನ, ಹತ್ತಿರದ ನೆಂಟ. ಬಾಯಿಯ ಸುತ್ತ ಕೈಗಳು, ಮೈಯಂಚಿಗೆ ಲಂಗದ ನೆರಿಗೆಯಂಥ ರೆಕ್ಕೆ. ಕೊನೆಯ ವರ್ಷದ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ನನ್ನ ಮುಂದೆ ಬಂದದ್ದು ಅದೇ ಬಾಟ್ಲಿ. ಹೊರಗಿನಿಂದ ಬಂದಿದ್ದ ಪರೀಕ್ಷಕರು ಭಾಗಗಳನ್ನೆಲ್ಲ ಕೇಳಿದರು. ನಾನು ಪಟಪಟನೆ ಹೇಳಿದೆ. ಕೊನೆಗೆ ಒಂದು ಪ್ರಶ್ನೆ ಉಳಿಯಿತು.

"ಜೀವಂತ ಇದ್ದಾಗ ಇದರ ಬಣ್ಣ ಏನಮ್ಮ?"

"ಬಿಳಿ, ಸಾರ್."

"ಅದು ಬಾಟ್ಲಿ ಬಣ್ಣ ಕಣಮ್ಮ. ಸಮುದ್ರ ನೋಡಿದೀಯಾ?"

"ಇಲ್ಲ, ಸಾರ್."

ಅವರು ನಕ್ಕರು. ಕೆಟ್ಟ ನಗೆಯೇನಲ್ಲ, ಒಳ್ಳೆಯ ಅಂಕವನ್ನೂ ಕೊಟ್ಟರು. ಆದರೂ ಆ ನಗೆ ನನ್ನೊಳಗೆ ಮುಳ್ಳಿನಂತೆ ಉಳಿಯಿತು. ಪುಸ್ತಕ ಹೇಳಿದ್ದನ್ನು ನಂಬಿ ಪಾಸಾದವಳು ನಾನು. ಆ ಒಂದು ಉತ್ತರವನ್ನಾದರೂ ಕಣ್ಣಾರೆ ಕಂಡು ಹೇಳಬೇಕು ಎನಿಸಿತು.

ಈಗ ನಾನು, ಗಂಡ, ಮಗಳು ಇರುವುದು ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯಲ್ಲಿ. ನನಗೆ ಪ್ಲೆಸೆಂಟನ್ನಿನ ಒಂದು ಕಂಪನಿಯ ಲ್ಯಾಬಿನಲ್ಲಿ ಕೆಲಸ. ಸೆಪಿಯಾವನ್ನು ಯಾವುದಾದರೂ ಅಕ್ವೇರಿಯಮ್ಮಿನಲ್ಲಿ ನೋಡಬಹುದಿತ್ತು, ಆದರೆ ನನ್ನ ಲೆಕ್ಕಕ್ಕೆ ಅದೂ ದೊಡ್ಡ ಬಾಟ್ಲಿಯೇ. ಅಮೆರಿಕದ ಕಡಲುಗಳಲ್ಲಿ ಈ ಪ್ರಾಣಿ ಇಲ್ಲ. ದಕ್ಷಿಣ ಆಸ್ಟ್ರೇಲಿಯಾದ ಒಂದು ಕೊಲ್ಲಿಗೆ, ಅಲ್ಲಿನ ಚಳಿಗಾಲದಲ್ಲಿ, ಇದರ ದೊಡ್ಡ ದಾಯಾದಿಗಳು ಜೊತೆಗೂಡಲು ಗುಂಪುಗುಂಪಾಗಿ ಬರುತ್ತವೆ. ನೀರು ಆಳವಿಲ್ಲ, ಆದರೆ ಕೊರೆಯುವಷ್ಟು ತಣ್ಣಗಿರುತ್ತದೆ. ಅಲ್ಲಿಗೆ ಹೋಗಬೇಕು, ಇಳಿಯಬೇಕು, ಫೋಟೋ ತೆಗೆಯಬೇಕು ಎಂದು ತೀರ್ಮಾನಿಸಿದೆ.

ನನಗೆ ಈಜು ಬರುತ್ತಿರಲಿಲ್ಲ. ನಾಲೆಯ ಪಕ್ಕದಲ್ಲೇ ಬೆಳೆದರೂ ಹೆಣ್ಣುಮಕ್ಕಳಿಗೆ ನಾಲೆ ಎಂದರೆ ಬಟ್ಟೆ ಒಗೆಯುವ ಜಾಗ. ಬಡಾವಣೆಯ ಪೂಲಿನಲ್ಲಿ, ನನ್ನ ಮಗಳ ವಯಸ್ಸಿನ ಮಕ್ಕಳ ಜೊತೆ ಅಂಚು ಹಿಡಿದು ಕಾಲು ಬಡಿದು ಕಲಿತೆ. ಆಮೇಲೆ ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಮುಳುಗುವ ಪಾಠ. ನೀರಿಗೆ ಒಬ್ಬರೇ ಇಳಿಯುವಂತಿಲ್ಲ, ಜೊತೆಗಾರರು ಇರಲೇಬೇಕು ಎಂದು ಕಲಿಸುವಾಕೆ ಕಡ್ಡಾಯ ಮಾಡಿದಳು. ನಾನು ಗಂಡನ ಮುಖ ನೋಡಿದೆ. ಅವರು ಬೆಂಗಳೂರಿನವರು.

"ನಂಗೆ ಲಾಲ್‌ಬಾಗ್ ಕೆರೆ ನೋಡಿದ್ರೇನೇ ತಲೆ ಸುತ್ತತ್ತೆ ಕಣೇ," ಎಂದರು.

"ಸಪ್ತಪದಿ ತುಳಿದಾಗ ಇದನ್ನ ಹೇಳ್ಬೇಕಿತ್ತು ರೀ."

ಬಂದರು. ನನಗಿಂತ ಚೆನ್ನಾಗಿಯೇ ಕಲಿತರು ಕೂಡ.

ಅಭ್ಯಾಸಕ್ಕೆಂದು ಶನಿವಾರಗಳಲ್ಲಿ ಹತ್ತಿರದ ಕಡಲತೀರ ಮಾಂಟೆರೆಗೆ ಹೋಗುತ್ತಿದ್ದೆವು. ಅಲ್ಲಿನ ನೀರೂ ಫ್ರಿಜ್ಜಿನಲ್ಲಿಟ್ಟ ನೀರಿನ ಹಾಗೆ. ಕ್ಯಾಮೆರಾವನ್ನು ನೀರಿಗೆ ಒಯ್ಯಲು ಒಂದು ಪಾರದರ್ಶಕ ಪೆಟ್ಟಿಗೆ ಇರುತ್ತದೆ. ನೀರು ಒಳನುಗ್ಗದಂತೆ ಅದರ ಬಾಗಿಲಿಗೆ ಒಂದು ರಬ್ಬರ್ ರಿಂಗು. ಆ ರಿಂಗಿಗೆ ಅದಕ್ಕೆಂದೇ ಬರುವ ಗ್ರೀಸು ಸವರಬೇಕು. ಒಂದು ಶನಿವಾರ ಗ್ರೀಸಿನ ಟ್ಯೂಬು ಸಿಗಲಿಲ್ಲ. ರಿಂಗನ್ನು ನೋಡಿದರೆ ತೇಟ್ ಕುಕ್ಕರಿನ ಗ್ಯಾಸ್ಕೆಟ್ಟು. ಗ್ಯಾಸ್ಕೆಟ್ಟಿಗೆ ಎಣ್ಣೆ ಸವರಿ ಸವರಿ ಪಳಗಿದ ಕೈ ನನ್ನದು. ಯೋಚಿಸದೆ ಕೊಬ್ಬರಿ ಎಣ್ಣೆ ಸವರಿಬಿಟ್ಟೆ.

ಚಳಿಗಾಲ ಬಂದರೆ ನಮ್ಮ ಅಡುಗೆಮನೆಯಲ್ಲೇ ಆ ಎಣ್ಣೆ ಕಲ್ಲಾಗುತ್ತದೆ, ಬಾಟ್ಲಿಯನ್ನು ಬಿಸಿನೀರಿನಲ್ಲಿಟ್ಟು ಕರಗಿಸಬೇಕು. ಇದು ಗೊತ್ತಿದ್ದೂ ಹೊಳೆಯಲಿಲ್ಲ. ಮಾಂಟೆರೆಯ ನೀರಿನಲ್ಲಿ ಎಣ್ಣೆ ಹರಳುಗಟ್ಟಿತು, ರಿಂಗು ಕೂತಲ್ಲಿ ಕೂರಲಿಲ್ಲ, ಪೆಟ್ಟಿಗೆಯೊಳಗೆ ಕಡಲು ನುಗ್ಗಿತು. ದಡಕ್ಕೆ ಬಂದು ಗಂಡ ಬಾಗಿಲು ತೆಗೆದು ಮೂಸಿದರು.

"ಏನೇ ಇದು, ಕ್ಯಾಮೆರಾನಾ ಕೊಬ್ಬರಿ ಮಿಠಾಯಿನಾ?"

"ಗ್ಯಾಸ್ಕೆಟ್ಟಿಗೆ ಹಾಕಲ್ವಾ, ಹಾಗೇ ಹಾಕ್ದೆ."

"ಸರಿ ಬಿಡು. ಮೂರು ವಿಷಲ್ ಕೂಗ್ಸೋದೊಂದು ಬಾಕಿ."

ಮರಳಿನ ಮೇಲೆ ಕೂತಿದ್ದ ಮಗಳು ತಲೆಯೆತ್ತದೆ ಹೇಳಿದಳು: "ಅಮ್ಮಾ, ಯು ಕುಕ್ಡ್ ದ ಕ್ಯಾಮೆರಾ."

ನನಗೆ ನಗು ಬರಲಿಲ್ಲ. ಕ್ಯಾಮೆರಾ ಕೆಟ್ಟಿತ್ತು, ಆಸ್ಟ್ರೇಲಿಯಾಕ್ಕೆ ಹೊರಡುವ ದಿನ ಹತ್ತಿರದಲ್ಲಿತ್ತು. ಇಷ್ಟು ರಜೆ, ಇಷ್ಟು ದೂರದ ಪ್ರಯಾಣ ಮತ್ತೆ ಯಾವಾಗ ಒದಗುತ್ತದೋ ಯಾರು ಬಲ್ಲರು. ಅದೇ ಮಾದರಿಯ ಹಳೆಯ ಕ್ಯಾಮೆರಾ ಒಂದನ್ನು ಹುಡುಕಿ ತಂದೆ. ಕಲಿಸುವಾಕೆ ಒಂದು ಉಪಾಯ ಹೇಳಿಕೊಟ್ಟಳು: ಮೊದಲು ಖಾಲಿ ಪೆಟ್ಟಿಗೆಯಲ್ಲಿ ಟಿಶ್ಯೂ ಇಟ್ಟು ಬಕೆಟ್ಟಿನಲ್ಲಿ ಮುಳುಗಿಸು, ಟಿಶ್ಯೂ ಒದ್ದೆಯಾಗದಿದ್ದರೆ ಮಾತ್ರ ಕ್ಯಾಮೆರಾ ಒಳಗೆ.

ಜುಲೈ ತಿಂಗಳಲ್ಲಿ, ಅಡಿಲೇಡಿನಲ್ಲಿರುವ ನಾದಿನಿಯ ಮನೆಯಲ್ಲಿ ಮಗಳನ್ನು ಬಿಟ್ಟು ನಾವಿಬ್ಬರೂ ಆ ಕೊಲ್ಲಿಗೆ ಹೋದೆವು. ಮೊದಲ ದಿನ ಗಾಳಿ ಎದ್ದು ಯಾರನ್ನೂ ನೀರಿಗೆ ಬಿಡಲಿಲ್ಲ. ಉಳಿದಿದ್ದು ಮಾರನೆಯ ಬೆಳಗ್ಗೆ ಒಂದೇ. ದಡದ ಕಲ್ಲುಗಳ ಮೇಲೆ ಕೂತು, ಟಿಶ್ಯೂ ಇಟ್ಟು ಪೆಟ್ಟಿಗೆ ಮುಳುಗಿಸಿದೆ. ಟಿಶ್ಯೂವಿನ ಒಂದು ಮೂಲೆ ಒದ್ದೆ.

"ಕ್ಯಾಮೆರಾ ಇಲ್ದೇನೇ ಇಳಿಯೋಣ. ನೋಡಿದ್ರೆ ಸಾಲ್ದಾ?" ಎಂದರು ಗಂಡ.

"ನೋಡಿದ್ದನ್ನ ತೋರಿಸ್ಬೇಕು ರೀ."

ರಿಂಗನ್ನು ಬಿಚ್ಚಿ ಬೆಳಕಿಗೆ ಹಿಡಿದೆ. ಒಂದು ಉದ್ದನೆಯ ಕೂದಲು, ನನ್ನದೇ ಜಡೆಯದು. ತೆಗೆದೆ, ಒರೆಸಿದೆ, ಸರಿಯಾದ ಗ್ರೀಸನ್ನೇ ಸವರಿದೆ. ಮತ್ತೆ ಮುಳುಗಿಸಿದೆ. ಈ ಸಲ ಟಿಶ್ಯೂ ಹಪ್ಪಳದ ಹಾಗೆ ಗರಿಗರಿಯಾಗಿತ್ತು.

ಇಬ್ಬರೂ ನೀರಿಗಿಳಿದೆವು. ಕೆಳಗೆ ಮೊದಲಿಗೆ ಬರೀ ಕಂದು ಕಲ್ಲುಗಳು. ಆಗ ಗಂಡ ನನ್ನ ತೋಳು ಹಿಡಿದು ಜಗ್ಗಿ ಒಂದು ಕಲ್ಲನ್ನು ತೋರಿಸಿದರು. ಆ ಕಲ್ಲಿಗೆ ಕಣ್ಣಿತ್ತು. ಅಲೆಯಂತೆ ಬಳುಕಿದ ಕಪ್ಪು ಪಾಪೆ. ನೋಡನೋಡುತ್ತ ಕಲ್ಲು ಮೇಲೆದ್ದಿತು. ನನ್ನ ತೋಳಿನಷ್ಟು ಉದ್ದದ ಸೆಪಿಯಾ. ಕಂದು ಮೈ ನೇರಳೆಯಾಯಿತು, ಕೈಗಳ ತುದಿಗೆ ನೀಲಿ ಹತ್ತಿಕೊಂಡಿತು. ಅಷ್ಟರಲ್ಲಿ ಇನ್ನೊಂದು ಗಂಡು ಸೆಪಿಯಾ ಅದಕ್ಕೆ ಎದುರಾಯಿತು. ಮೊದಲನೆಯದರ ಮೈಮೇಲೆ ಕಪ್ಪು ಬಿಳಿ ಪಟ್ಟೆಗಳು ಓಡತೊಡಗಿದವು, ಗದ್ದೆಯ ಮೇಲೆ ಮೋಡದ ನೆರಳು ಓಡುವ ಹಾಗೆ. ನೀರಿನಲ್ಲಿ ಉಸಿರು ಬಿಗಿಹಿಡಿಯಬಾರದು ಎನ್ನುವುದು ಮೊದಲ ಪಾಠ. ನಾನು ಬಿಗಿಹಿಡಿದಿದ್ದೆ. ಗಂಡ ನನ್ನ ಭುಜ ತಟ್ಟಿದ ಮೇಲೆ ಗುಳ್ಳೆಗಳು ಹೊರಬಂದವು. ಆಮೇಲೆ ಕ್ಯಾಮೆರಾ ಎತ್ತಿದೆ.

ದಡದಲ್ಲಿ ಪೆಟ್ಟಿಗೆ ತೆರೆದಾಗ ಒಳಗೆ ಒಂದು ಹನಿಯೂ ಇರಲಿಲ್ಲ. ಚಿತ್ರಗಳಲ್ಲಿ ಹೆಚ್ಚಿನವು ಹಸಿರು ಮಬ್ಬು, ಕೆಲವಂತೂ ಬರೀ ಗಂಡನ ಕಾಲು. ಒಂದು ಮಾತ್ರ ಸರಿಯಾಗಿ ಬಂದಿತ್ತು: ಅರ್ಧ ಮೈ ನೇರಳೆ, ಅರ್ಧ ಪಟ್ಟೆ, ಒಂದು ಕಣ್ಣು ನೇರ ನನ್ನನ್ನೇ ನೋಡುತ್ತಿತ್ತು.

ಸ್ಯಾನ್ ಹೊಸೆಗೆ ಮರಳಿ ಅದನ್ನು ದೊಡ್ಡದಾಗಿ ಪ್ರಿಂಟು ಹಾಕಿಸಿ ಮಂಡ್ಯಕ್ಕೆ ಕಳಿಸಿದೆ. ನನ್ನ ಸಹಪಾಠಿಯೊಬ್ಬಳು ಈಗ ಅದೇ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಾಳೆ. ಅವಳ ಫೋನು ಬಂತು.

"ಬಾಟ್ಲಿ ಪಕ್ಕದಲ್ಲೇ ಅಂಟಿಸಿವ್ನಿ ಕಣೇ. ಎರಡೂ ಒಂದೇ ವಂಶ ಅಂದ್ರೆ ಮಕ್ಕಳು ನಂಬ್ತಾನೇ ಇಲ್ಲ."

"ನೀನೇನಂದೆ?"

"ಜೀವಂತ ಇದ್ದಾಗ ಇದ್ರ ಬಣ್ಣ ಏನು ಅಂತ ವೈವಾದಲ್ಲಿ ಕೇಳ್ತೀನಿ ಅಂದೆ. ಅವತ್ತಿಂದ ಎಲ್ಲಾ ಫೋಟೋ ಮುಂದೇನೇ ನಿಂತವ್ರೆ."