ಧಿಕ್ಕಾರದ ಮುಂದೆ ತೆಗೆದ ಸೆಲ್ಫಿ

ಮೈಸೂರು ನೋಡಲು ಬಂದು, ನಾನೂ ಚಿಕ್ಕಪ್ಪನ ಮಗ ಮಾದೇಶನೂ ಸರಸ್ವತಿಪುರಂನಲ್ಲಿ ಟೀ ಕುಡಿಯುತ್ತಿದ್ದೆವು. ಎದುರಿಗೆ ಕಾಲೇಜು ಹುಡುಗರು ಬಸ್ ಸಾಲದೆಂದು ರಸ್ತೆಯಲ್ಲೇ ಕೂತು ಸರ್ಕಾರಕ್ಕೆ ಧಿಕ್ಕಾರ ಕೂಗುತ್ತಿದ್ದರು. ಅದನ್ನೇ ನೋಡುತ್ತಾ ನಿಂತಿದ್ದ ವಿದೇಶಿ ಹೆಂಗಸಿನ ಜೊತೆ ಮಾದೇಶ ಸೆಲ್ಫಿ ತೆಗೆದುಕೊಂಡ. ಸ್ವಲ್ಪ ಹೊತ್ತು ಫೋನ್ ಒತ್ತುತ್ತಿದ್ದು, ಆಮೇಲೆ ಆಕೆಗೆ ತೋರಿಸಿದ. ಚಿತ್ರದಲ್ಲಿ ಆಕೆಯ ಹಿಂದೆ ಧಿಕ್ಕಾರ ಕೂಗುವ ಹುಡುಗರೂ ಕಾಣುತ್ತಿದ್ದರು. ಆಕೆ ಬಿಳಿಚಿಕೊಂಡಳು.

"ಏನೋ ಕದ್ದು ಓಡ್ಬಂದವ್ಳೆ ಕಣೋ," ಅಂದೆ.

ಆಕೆ ತನ್ನ ಫೋನಿಗೆ ಏನೋ ಹೇಳಿ ನಮ್ಮ ಕಡೆ ಹಿಡಿದಳು. ಫೋನು ಕನ್ನಡದಲ್ಲೇ ಮಾತಾಡಿತು: "ದಯವಿಟ್ಟು ಅಳಿಸಿ. ನಮ್ಮ ದೇಶದಲ್ಲಿ ಹೀಗೆ ಕೂಗಿದವರು ಜೈಲಿನಲ್ಲಿದ್ದಾರೆ. ಜನ ಭಯವಿಲ್ಲದೆ ಮಾತಾಡುವ ಊರು ನೋಡಲು ಬಂದೆ. ಈ ಚಿತ್ರ ಅಲ್ಲಿಗೆ ತಲುಪಿದರೆ ನನ್ನನ್ನೂ ಹಿಡಿಯುತ್ತಾರೆ."

ನಾನು ಪೂರ್ತಿ ನಂಬಲಿಲ್ಲ. ಆದರೂ ಅಳಿಸಿಬಿಡು ಎಂದು ಮಾದೇಶನಿಗೆ ಹೇಳಿದೆ.

"ನೋಡಿ ಮೇಡಂ, ಡಿಲೀಟ್ ಮಾಡ್ಬುಟ್ಟೆ," ಎಂದು ಮಾದೇಶ ತೋರಿಸಿದ.

ಅವನ ಮುಖ ನೋಡಿ ನನಗೆ ಅನುಮಾನ ಬಂತು. "ಸ್ಟೇಟಸ್‌ಗೆ ಹಾಕಿಲ್ಲ ತಾನೆ?" ಎಂದು ಮೆಲ್ಲಗೆ ಕೇಳಿದೆ.

"ಆಗ್ಲೇ ಹಾಕ್ಬುಟ್ಟೆ. ನಮ್ಮೂರ್ ಸಿದ್ದ ಅದ್ನ ಯಾವ್ಯಾವ್ದೋ ಗ್ರೂಪಿಗೆ ಕಳ್ಸ್ಬುಟ್ಟವ್ನೆ. ಸುಮ್ಕಿರೋ."

ಆಕೆ ನಗುತ್ತಾ ಅವನ ಕೈ ಕುಲುಕಿದಳು.