ಸಾವಿತ್ರಕ್ಕನಿಗೆ ಸುಳ್ಳು ಓದಿ ಹೇಳಿದ ಪತ್ರ

ಸಾವಿತ್ರಕ್ಕ, ಆ ಜರ್ಮನಿಯ ವಕೀಲರ ಇ-ಮೇಲನ್ನು ನಾನು ನಿಮಗೆ ಸುಳ್ಳು ಓದಿ ಹೇಳಿದೆ. ಅದಕ್ಕೂ ಮೊದಲು ನಿಮ್ಮ ವೆಬ್‌ಸೈಟಿನ ಹೆಸರನ್ನು ಬೇರೆಯವರಿಗೆ ದಾಟಿಸಿದವನೂ ನಾನೇ. ನೀವು ಬಾಯ್ತುಂಬ ತಮ್ಮ ಎನ್ನುತ್ತಿದ್ದ, ಹೊಸಪೇಟೆಯ ಇಂಟರ್‌ನೆಟ್ ಸೆಂಟರಿನವನು.

ಹಂಪಿಯಲ್ಲಿದ್ದ ನಿಮ್ಮ ನಾಲ್ಕು ಕೋಣೆಗಳ ವಸತಿಗೆ 'ಸಾವಿತ್ರಕ್ಕನ ಮನಿ' ಎಂಬ ಹೆಸರು ಬಿದ್ದದ್ದೇ ವಿದೇಶಿ ಅತಿಥಿಗಳ ಬಾಯಲ್ಲಿ. ಅದೇ ಹೆಸರಿನಲ್ಲಿ ವೆಬ್‌ಸೈಟ್ ಮಾಡಿಕೊಟ್ಟೆ. ವೆಬ್‌ಸೈಟಿನ ಹೆಸರಿನ ನೋಂದಣಿಗೆ ಇ-ಮೇಲ್ ಬೇಕು, ಕ್ರೆಡಿಟ್ ಕಾರ್ಡ್ ಬೇಕು — ನಿಮ್ಮಲ್ಲಿ ಎರಡೂ ಇರಲಿಲ್ಲ. ಯಾರ ಹೆಸರಿಗೆ ಮಾಡಲಿ ಎಂದು ಕೇಳಿದರೆ ನಕ್ಕುಬಿಟ್ಟಿರಿ.

"ನಿನ್ನ ಹೆಸರಿನ್ಯಾಗ ಇರ್ಲಿ ಬಿಡು ತಮ್ಮ. ನಮ್ಮ ಭಾವನ ಲಾರಿ ಅವ್ರ ಗುಮಾಸ್ತನ ಹೆಸರಿನ್ಯಾಗ ಐತಿ. ಅದೇನ್ ಓಡಂಗಿಲ್ಲೇನು?"

ಅದಿರಿನ ಕಾಲ ಅದು. ಸಂಡೂರಿನ ದಾರಿಯಲ್ಲಿ ಲಾರಿ ಒಬ್ಬರದು, ಕಾಗದ ಇನ್ನೊಬ್ಬರದು — ಯಾರಿಗೂ ವಿಚಿತ್ರ ಎನಿಸುತ್ತಿರಲಿಲ್ಲ. ಅತಿಥಿಗಳ ಇ-ಮೇಲೂ ನನ್ನ ವಿಳಾಸಕ್ಕೇ ಬರುತ್ತಿತ್ತು. ವಾರಕ್ಕೆರಡು ಸಲ ನೀವು ಬಸ್ಸಿನಲ್ಲಿ ಬರುತ್ತಿದ್ದಿರಿ, ನಾನು ಕನ್ನಡದಲ್ಲಿ ಓದಿ ಹೇಳುತ್ತಿದ್ದೆ, ನೀವು ಹೇಳಿದ್ದನ್ನು ಇಂಗ್ಲಿಷಿನಲ್ಲಿ ಬರೆದು ಕಳಿಸುತ್ತಿದ್ದೆ.

ಅಷ್ಟರಲ್ಲಿ ಗಣಿಯ ಸಾಹುಕಾರರೊಬ್ಬರು ದೊಡ್ಡ ಹೋಟೆಲ್ ಕಟ್ಟಿದರು. ಅವರ ಮ್ಯಾನೇಜರ್ ಬಂದು, "ಆ ವೆಬ್‌ಸೈಟಿನ ಹೆಸ್ರು ನಿಮ್ದಂತಲ್ರೀ. ನಮಗ ಬಿಟ್ಟುಕೊಡ್ರಿ, ನಮ್ಮ ಆಫೀಸಿನ ಕಂಪ್ಯೂಟರ್ ಕೆಲ್ಸೆಲ್ಲ ನಿಮಗ" ಎಂದ. ದಾಖಲೆಯಲ್ಲಿ ನನ್ನ ಹೆಸರಿತ್ತಲ್ಲ — ನನ್ನದನ್ನು ನಾನು ಕೊಟ್ಟೆ ಎಂದುಕೊಂಡೆ. ಎಂಥ ದರಿದ್ರ ಬುದ್ಧಿ.

ಹದಿನೈದು ದಿನಕ್ಕೆ ನೀವು ಓಡಿಬಂದಿರಿ. "ಕಂಪ್ಯೂಟರಿನ್ಯಾಗ ನನ್ನ ಹೆಸ್ರು ಹೊಡದ್ರ ಆ ದೊಡ್ಡ ಹೋಟ್ಲು ಬರ್ತೈತಂತಲ್ಲೋ. ಕೇಳಾಕ ಕಾನೂನಿಲ್ಲೇನು?"

"ಇಲ್ಲಕ್ಕಾ. ಯಾರ್ ಹೆಸರಿನ್ಯಾಗ ಐತೋ ಅವರ್ದ" ಎಂದೆ. ಯಾರು ದಾಟಿಸಿದರೆಂದು ಹೇಳಲಿಲ್ಲ. ಆದರೆ ಕಾನೂನಿಲ್ಲ ಎಂಬುದನ್ನು ಅಂದು ನಾನೂ ನಂಬಿದ್ದೆ.

ಆಮೇಲೆ ಆ ಇ-ಮೇಲ್ ಬಂತು. ಪ್ರತಿ ಚಳಿಗಾಲಕ್ಕೆ ನಿಮ್ಮಲ್ಲೇ ಇಳಿಯುತ್ತಿದ್ದ ಆ ಜರ್ಮನಿಯ ವಕೀಲರದು. ನಿಮ್ಮ ವೆಬ್‌ಸೈಟ್ ತೆರೆಯಹೋದರೆ ಅವರಿಗೂ ಆ ಹೋಟೆಲೇ ಸಿಕ್ಕಿತ್ತಂತೆ. ನೋಂದಣಿಯಲ್ಲಿ ಯಾರ ಹೆಸರಿದೆ ಎಂಬುದೇ ಕೊನೆಯ ಮಾತಲ್ಲ ಎಂದು ಬರೆದಿದ್ದರು. ವರ್ಷಗಳಿಂದ ಆ ಹೆಸರಿನಲ್ಲಿ ವಸತಿ ನಡೆಸಿದವರು ನೀವು. ನಿಮ್ಮ ಅತಿಥಿಗಳನ್ನು ಸೆಳೆಯಲೆಂದೇ ಅದನ್ನು ಕೊಂಡವರ ಮೇಲೆ, ಇಂಥ ಹೆಸರಿನ ಜಗಳ ತೀರಿಸಲೆಂದೇ ಇರುವ ಸಂಸ್ಥೆಗೆ ದೂರು ಕೊಡಬಹುದು, ಕೋರ್ಟು ಹತ್ತಬೇಕಿಲ್ಲ, ಕಾಗದಪತ್ರದಲ್ಲೇ ತೀರ್ಮಾನ. ದೂರು ನಾನೇ ಬರೆಯುತ್ತೇನೆ, ನೀವು ಹೂಂ ಎಂದರೆ ಸಾಕು ಎಂದಿದ್ದರು. ಹೆಸರನ್ನು ದಾಟಿಸಿದವರು ಯಾರೆಂಬುದೂ ಆಗ ಹೊರಬರುತ್ತದೆ ಎಂದೂ ಇತ್ತು.

ನೀವು ಪಕ್ಕದ ಕುರ್ಚಿಯಲ್ಲೇ ಇದ್ದಿರಿ.

"ಏನ್ ಬರ್ದಾನ?"

"ಈ ಸಲ ಹಂಪಿಗೆ ಬರಂಗಿಲ್ಲಂತಕ್ಕಾ. ಬ್ಯಾರೆ ಕಡಿ ಹೊಂಟಾರಂತ."

"ಇಷ್ಟುದ್ದ ಐತಲ್ಲೋ?"

ಪುಟ ಮುಚ್ಚಲು ಮೌಸ್‌ಗೆ ಕೈ ಹಾಕಿದೆ. ಆದರೆ ನೀವೇ ಪರದೆಯಿಂದ ಮುಖ ತಿರುಗಿಸಿದಿರಿ. "ಆತೇಳು. ಅವಗೂ ನಾವು ಬ್ಯಾಡಾದ್ವಿ. ಎಲ್ಲಿದ್ರೂ ಆರಾಮಿರ್ಲಿ ಅಂತ ಬರಿ."

ನಾನು ಬರೆದದ್ದು — ದೂರು ಕೊಡಲು ನನಗೆ ಇಷ್ಟವಿಲ್ಲ, ಇನ್ನು ಈ ವಿಷಯ ಬರೆಯಬೇಡಿ. ಕೆಳಗೆ ನಿಮ್ಮ ಹೆಸರು. ಆಮೇಲೆ ಅವರು ಬರೆಯಲೂ ಇಲ್ಲ, ಬರಲೂ ಇಲ್ಲ. ಇಷ್ಟು ವರ್ಷಗಳಾದ ಮೇಲೂ ಅದನ್ನು ತೆರೆದು ನೋಡಿದರೆ ದಿಗಿಲಾಗುತ್ತದೆ: ಇದನ್ನು ಟೈಪ್ ಮಾಡಿದ್ದು ನಾನೇನಾ? ಮರುವರ್ಷ ನೀವು ಕೋಣೆಗಳಿಗೆ ಬೀಗ ಹಾಕಿದಿರಿ. ಆ ದಿನವೂ ನಾನು ಬಾಯಿ ಬಿಡಲಿಲ್ಲ.

ವಕೀಲರ ಪತ್ರವನ್ನು ಒಂದಕ್ಷರ ಬಿಡದೆ ಕನ್ನಡ ಮಾಡಿ ಇದರೊಂದಿಗೆ ಇಟ್ಟಿದ್ದೇನೆ. ನಡೆದದ್ದನ್ನೆಲ್ಲ ಛಾಪಾ ಕಾಗದದ ಮೇಲೆ ಬರೆದು ಸಹಿ ಹಾಕಿದ್ದೇನೆ. ಆ ಹೋಟೆಲ್ ಇಂದಿಗೂ ಅದೇ ಹೆಸರಿನಲ್ಲಿ ಅತಿಥಿಗಳನ್ನು ಕರೆಯುತ್ತಿದೆ. ನೀವು ದೂರು ಕೊಟ್ಟರೆ ಸಾಕ್ಷಿ ನಾನು. ಕ್ಷಮಿಸಿ ಎಂದು ಕೇಳುವ ಮುಖ ನನಗಿಲ್ಲ.

ಆ ಪತ್ರದ ಕೊನೆಯ ಸಾಲನ್ನು ಮಾತ್ರ ಇಲ್ಲೇ ಹೇಳಿಬಿಡುತ್ತೇನೆ, ಅಕ್ಕಾ. ಡಿಸೆಂಬರಿನಲ್ಲಿ ಬರುತ್ತೇನೆ, ನನ್ನ ಕೋಣೆ ಯಾರಿಗೂ ಕೊಡಬೇಡಿ ಎಂದಿತ್ತು.